ಕಂಪನಿ ಸಾಲದ ಚಾರ್ಜ್ ನೋಂದಣಿ: ದಿನ ಎಣಿಸುವುದು ಎಲ್ಲಿಂದ?

ಬ್ಯಾಂಕಿನ ಸಾಲ ವಿಭಾಗಕ್ಕೆ ಹೊಸದಾಗಿ ಬಂದವರು ನನ್ನ ಹತ್ತಿರ ಕೇಳುವುದು ಒಂದೇ: "ಸರ್, ಚಾರ್ಜ್ ಫೈಲ್ ಮಾಡೋಕೆ ಎಷ್ಟು ದಿನ ಟೈಮ್ ಇದೆ?" ಚಾರ್ಜ್ ಅಂದರೆ ಸಾಲಕ್ಕೆ ಭದ್ರತೆಯಾಗಿ ಕಂಪನಿಯ ಆಸ್ತಿ ಮೇಲೆ ಬ್ಯಾಂಕಿಗೆ ಸಿಗುವ ಹಕ್ಕು; ಅದನ್ನು ಕಂಪನಿ ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಬೇಕು. 30 ದಿನ ಅಂತ ಅವರಿಗೂ ಗೊತ್ತಿರುತ್ತದೆ. ಯಾವತ್ತಿನಿಂದ ಅನ್ನುವುದೇ ತಕರಾರು.

ದುಡ್ಡು ಖಾತೆಗೆ ಹೋದ ದಿನದಿಂದ ಅಲ್ಲ. ಮಂಜೂರಾತಿ ಪತ್ರದ ತಾರೀಖಿನಿಂದಲೂ ಅಲ್ಲ. ಹೈಪೋಥಿಕೇಷನ್ ಪತ್ರಕ್ಕೆ (ವಸ್ತು ಕಂಪನಿಯ ಕೈಯಲ್ಲೇ ಇದ್ದು ಬ್ಯಾಂಕಿಗೆ ಅಡವಾಗುವ ಕರಾರು) ಕಂಪನಿ ಸಹಿ ಹಾಕಿದ ದಿನದಿಂದ. ಜಾಗದ ಮೂಲ ಪತ್ರ ಇಟ್ಟುಕೊಂಡಿದ್ದರೆ, ಅದನ್ನು ಒಪ್ಪಿಸಿದ ದಿನದಿಂದ.

ಪೀಣ್ಯದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಲೇತ್ ಮೆಷಿನ್ ಮೇಲೆ ಸಾಲ ತಗೊಂಡಿತು ಅಂದುಕೊಳ್ಳಿ. ಜೂನ್ 3ಕ್ಕೆ ಸಹಿ. ಮೆಷಿನ್ ಬರುವುದು ತಡವಾಗಿ ದುಡ್ಡು ಬಿಟ್ಟದ್ದು ಜೂನ್ 25ಕ್ಕೆ. ಆದರೂ ಚಾರ್ಜ್ ನೋಂದಣಿಯ ಸಿಎಚ್‌ಜಿ-1 ಫಾರಂಗೆ ಜುಲೈ 3 ಕೊನೆ. ಆಗಸ್ಟ್ 2ರವರೆಗೆ ಹೆಚ್ಚುವರಿ ಶುಲ್ಕ ಕಟ್ಟಿ ಹಾಕಬಹುದು. ಅಲ್ಲಿಂದ ಅಕ್ಟೋಬರ್ 1ರವರೆಗೆ ಮೊತ್ತದ ಮೇಲೆ ಲೆಕ್ಕ ಹಾಕುವ ದುಬಾರಿ ಶುಲ್ಕ. ಆಮೇಲೆ ಬಾಗಿಲು ಮುಚ್ಚಿತು. 2018ರ ನವೆಂಬರ್ 2ರಿಂದ ಹುಟ್ಟಿದ ಚಾರ್ಜ್‌ಗಳಿಗೆಲ್ಲ ಇದೇ ಲೆಕ್ಕ. ಸಾಲದ ಲಿಮಿಟ್ ಜಾಸ್ತಿ ಮಾಡಿದರೂ ಮತ್ತೆ ಫೈಲ್ ಮಾಡಬೇಕು, ಇದನ್ನು ಮರೆಯುವವರೇ ಹೆಚ್ಚು.

ತಡವಾಗುವುದು ಸಾಮಾನ್ಯವಾಗಿ ಕಾನೂನಿನ ಗೊಂದಲದಿಂದ ಅಲ್ಲ, ಡಿಎಸ್‌ಸಿಯಿಂದ, ಅಂದರೆ ಡಿಜಿಟಲ್ ಸಹಿಯ ಪ್ರಮಾಣಪತ್ರದಿಂದ. ಫಾರಂಗೆ ಕಂಪನಿಯ ಡಿಜಿಟಲ್ ಸಹಿಯೂ ಬೇಕು, ಬ್ಯಾಂಕಿನದೂ ಬೇಕು. ಡೈರೆಕ್ಟರ್ ಸಾಹೇಬರ ಟೋಕನ್ (ಆ ಸಹಿ ಇರುವ ಪೆನ್‌ಡ್ರೈವ್‌ನಂಥ ಸಾಧನ) ಅವಧಿ ಮುಗಿದಿರುತ್ತದೆ, ಅಥವಾ ಅವರ ಆಡಿಟರ್ ಡ್ರಾಯರ್‌ನಲ್ಲಿರುತ್ತದೆ! ಸಾಲಪತ್ರಕ್ಕೆ ಸಹಿ ಮಾಡಿಸುವ ದಿನವೇ ಟೋಕನ್ ತರಿಸಿ ನೋಡಿ. ಕಂಪನಿಯವರು 30 ದಿನದಲ್ಲಿ ಫೈಲ್ ಮಾಡದೆ ಸುಮ್ನೆ ಕೂತರೆ, ಕಂಪನಿ ಕಾಯ್ದೆಯ 78ನೇ ಕಲಂ ಪ್ರಕಾರ ಬ್ಯಾಂಕೇ ಅರ್ಜಿ ಹಾಕಬಹುದು. ಶುಲ್ಕವನ್ನು ಅವರಿಂದಲೇ ವಸೂಲಿ ಮಾಡಿಕೊಳ್ಳಬಹುದು.

ನೋಂದಣಿಯ ಸಿಎಚ್‌ಜಿ-2 ಸರ್ಟಿಫಿಕೇಟ್ ಕೈಗೆ ಬರುವ ತನಕ ಕೆಲಸ ಮುಗಿದಿಲ್ಲ. ನೋಂದಣಿ ಆಗದಿದ್ದರೆ ಸಾಲವೇನೂ ಮನ್ನಾ ಆಗಲ್ಲ. ಆದರೆ ಕಂಪನಿ ಮುಳುಗಿ, ಅದರ ಆಸ್ತಿ ಮಾರಿ ಸಾಲ ತೀರಿಸುವ ಲಿಕ್ವಿಡೇಟರ್ ಬಂದರೆ, ಅವರು ನಿಮ್ಮ ಚಾರ್ಜನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಲೇತ್ ನಿಮ್ಮ ದುಡ್ಡಲ್ಲೇ ಬಂದದ್ದು, ಅದರಿಂದ ಏನು ಬಂತು? ಅಡಮಾನ ಇಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕು.

ಇಷ್ಟು ಮಾಡಿದರೂ ಸೆರ್ಸಾಯ್ (ಅಡವಿಟ್ಟ ಆಸ್ತಿಗಳ ಕೇಂದ್ರೀಯ ನೋಂದಣಿ) ಬಾಕಿ ಇರುತ್ತದೆ. ಕಂಪನಿ ಅಲ್ಲದ ಸಾಲಗಾರರಿಗೆ, ಅಂದರೆ ಪಾಲುದಾರಿಕೆ ಸಂಸ್ಥೆಗೋ ಒಬ್ಬರೇ ನಡೆಸುವ ಅಂಗಡಿಗೋ ಸಾಲ ಕೊಟ್ಟಾಗ ಸಿಎಚ್‌ಜಿ-1 ಇಲ್ಲ, ಸೆರ್ಸಾಯ್ ಮಾತ್ರ ಇದೆ. ಸಾಲ ಕೊಡುವ ಮೊದಲು ಅದೇ ಆಸ್ತಿ ಬೇರೆಲ್ಲಾದರೂ ಅಡವಿದೆಯಾ ಅಂತ ಅಲ್ಲಿ ಹುಡುಕಿ, ಆಮೇಲೆ ನಿಮ್ಮದನ್ನು ಸೇರಿಸಿ. 5 ಲಕ್ಷದವರೆಗಿನ ಸಾಲಕ್ಕೆ 50 ರೂಪಾಯಿ, ಮೇಲಿನದಕ್ಕೆ 100, ಜೊತೆಗೆ ಜಿಎಸ್‌ಟಿ. ಇದಕ್ಕೆ ಜಿಪುಣತನ ಮಾಡುವ ಅರ್ಥವೇ ಇಲ್ಲ, ಅಲ್ವಾ? 2020ರ ಜನವರಿ 24ರಿಂದ ಸೆರ್ಸಾಯ್ ನೋಂದಣಿ ಇಲ್ಲದೆ ಸರ್ಫೇಸಿ ಕಾಯ್ದೆಯಡಿ (ಕೋರ್ಟಿಗೆ ಹೋಗದೆ ಬ್ಯಾಂಕ್ ಸಾಲ ವಸೂಲಿ ಮಾಡುವ ಕಾನೂನು) ಆಸ್ತಿ ವಶಕ್ಕೆ ತಗೊಳ್ಳಲು ಆಗಲ್ಲ.

ಅಡವಿಟ್ಟದ್ದು ಓಡುತ್ತಿರುವ ಲಾರಿಯಾದರೆ ಆರ್‌ಟಿಒದಲ್ಲಿ 34ನೇ ನಮೂನೆ ಕೊಟ್ಟು ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಬರೆಸಿ. ಸಾಲ ತೀರಿದ ಮೇಲೆ ಆ ಹೆಸರು ತೆಗೆಸಲು 35ನೇ ನಮೂನೆ. ಕಂಪನಿ ಚಾರ್ಜ್ ಆದರೆ ತೀರಿದ 30 ದಿನದೊಳಗೆ, ತೀರಿತು ಅಂತ ತಿಳಿಸುವ ಸಿಎಚ್‌ಜಿ-4 ಫಾರಂ. ಅದಕ್ಕೂ ಬ್ಯಾಂಕಿನ ಟೋಕನ್ ಬೇಕು.