ಟೀವಿಯಲ್ಲಿ ಹಾರಿದ ಹೆಲಿಕಾಪ್ಟರನ್ನು ಕಾಗದದಲ್ಲಿ ಹಿಡಿದೆ: ನನ್ನ ಅನುಭವ

ಹಳೆಯ ಟೀವಿ ಧಾರಾವಾಹಿಯಲ್ಲಿ ಹಾರಿದ ಹೆಲಿಕಾಪ್ಟರ್ ಈಗ ಎಲ್ಲಿದೆ ಅಂತ ಹುಡುಕಲು ಹೊರಟಿದ್ದೆ. "ಸಾರ್, ಅವೆಲ್ಲ ಎಂದೋ ಗುಜರಿಗೆ ಹೋಗಿರ್ತಾವೆ, ಸುಮ್ನೆ ಯಾಕೆ ದುಡ್ಡು ಕಳ್ಕೋತೀರಿ" ಅಂತ ನಮ್ಮ ಗುಂಪಿನಲ್ಲಿ ಹೇಳದವರೇ ಇಲ್ಲ. ಮೈಸೂರಿನ ಗೆಳೆಯರೊಬ್ಬರಂತೂ, ಸಿಕ್ಕಿದರೆ ತಮ್ಮ ಖರ್ಚಿನಲ್ಲಿ ಬೆಣ್ಣೆ ದೋಸೆ ಅಂದಿದ್ದರು. ದೋಸೆ ಇನ್ನೂ ಬಾಕಿ. ಹೆಲಿಕಾಪ್ಟರ್ ಮಾತ್ರ ಸಿಕ್ಕಿದೆ. 1980ರ ದಶಕದ ಶುರುವಿನಲ್ಲಿ ಅಮೆರಿಕದ ಟೀವಿ ಧಾರಾವಾಹಿಯೊಂದರಲ್ಲಿ ಹಾರಿದ ಹ್ಯೂಸ್ 500ಡಿ ಅನ್ನುವ ಪುಟ್ಟ ಹೆಲಿಕಾಪ್ಟರ್ ಈಗ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಂದು ಶೆಡ್ಡಿನಲ್ಲಿದೆ. ಹಾರುವ ಸ್ಥಿತಿಯಲ್ಲೇ ಇದೆ. ಧಾರಾವಾಹಿ ಯಾವುದು, ನಂಬರ್ ಏನು ಅಂತ ಕೇಳಬೇಡಿ. ಮನೆ ಬಾಗಿಲಿಗೆ ಜನ ಬರುವುದು ಬೇಡ ಅಂತ ಮಾಲೀಕರು ಹೇಳಿದ್ದಾರೆ, ನಾನು ಮಾತು ಕೊಟ್ಟಿದ್ದೇನೆ.

ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿ ಚೇತಕ್‌ಗಳ ಹೊಟ್ಟೆಯಡಿ ಮಲಗಿ ಕೆಲಸ ಮಾಡಿದವನು. ನಿವೃತ್ತಿಯಾದ ಮೇಲೆ ಈ ಹುಚ್ಚು ಹತ್ತಿತು. ಎಲ್ಲರಂತೆ ನಾನೂ ಶುರು ಮಾಡಿದ್ದು ತಪ್ಪು ತುದಿಯಿಂದ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ಬಾಲದ ಮೇಲಿನ ನಂಬರ್ ಓದುವುದು, ಅದನ್ನು ಅಮೆರಿಕದ ರಿಜಿಸ್ಟರಿನಲ್ಲಿ ಹಾಕುವುದು. ಮೊದಲ ನಂಬರಿಗೆ ಬಂದದ್ದು ಒಂದು ಸೆಸ್ನಾ ವಿಮಾನ. ಎರಡನೆಯದಕ್ಕೆ ಬಿಸಿಗಾಳಿ ಬಲೂನು! ಅಲ್ಲಿ ಎನ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಖಾಲಿಯಾದರೆ ಬೇರೆಯವರಿಗೆ ಕೊಡುತ್ತಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಆಸೆಯಲ್ಲಿ ಮರೆತುಹೋಗಿತ್ತು. ಅದರ ಮೇಲೆ ಚಿತ್ರೀಕರಣದವರು ಕೆಲವೊಮ್ಮೆ ನಂಬರಿಗೆ ಟೇಪ್ ಹಚ್ಚಿ ಒಂದಕ್ಷರ ಮುಚ್ಚಿಬಿಡುತ್ತಾರೆ. ಆರು ತಿಂಗಳು ಹೀಗೇ ಹೋಯಿತು.

ಆಮೇಲೆ ದುಡ್ಡು ಹೋಗುವ ಕಾಲ ಬಂತು. ಹರಾಜಿನಲ್ಲಿ "ಏರ್‌ವುಲ್ಫ್‌ನ ನಿಜವಾದ ವೇಗಮಾಪಕ" ಅಂತ ಒಂದು ಬಂತು. ಏರ್‌ವುಲ್ಫ್ ಅಂದರೆ ಅದೇ ಹೆಸರಿನ ಅಮೆರಿಕದ ಟೀವಿ ಧಾರಾವಾಹಿಯ ಹೆಲಿಕಾಪ್ಟರ್. ಸುಮಾರು 30 ಸಾವಿರ, ಕಸ್ಟಮ್ಸ್ ಸೇರಿ 40ರ ಹತ್ತಿರ ಬಿತ್ತು. ಬಿಚ್ಚಿ ಹಿಂಬದಿಯ ಪಾರ್ಟ್ ನಂಬರ್ ನೋಡಿದರೆ ಬೆಲ್ ಕಂಪನಿಯ ಒಂಟಿ ಎಂಜಿನ್ನಿನ ಜೆಟ್‌ರೇಂಜರಿನದು. ಏರ್‌ವುಲ್ಫ್ ಆಗಿದ್ದದ್ದು ಬೆಲ್ 222, ಎರಡು ಎಂಜಿನ್, ಚಕ್ರ ಒಳಗೆ ಮಡಚಿಕೊಳ್ಳುವ ಯಂತ್ರ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮಾರಿದವರು ಆಮೇಲೆ ಮಾತೇ ಆಡಲಿಲ್ಲ. ನನ್ನ ಹೆಂಡತಿ ಅದನ್ನು ಷೋಕೇಸಿನಲ್ಲಿ ಗಣಪತಿ ಪಕ್ಕ ಇಟ್ಟಿದ್ದಾಳೆ, ಬಂದವರಿಗೆಲ್ಲ ಬೆಲೆ ಸಮೇತ ತೋರಿಸುತ್ತಾಳೆ.

ಏರ್‌ವುಲ್ಫ್ ಕತೆ ನಿಮಗೆಲ್ಲ ಗೊತ್ತಿದ್ದದ್ದೇ, ಆದರೂ ದಾರಿ ತೋರಿಸಿದ್ದು ಅದೇ ಆದ್ದರಿಂದ ಹೇಳುತ್ತೇನೆ. 1984ರಲ್ಲಿ ಧಾರಾವಾಹಿ ಬಂದಾಗ ಅದರ ನಂಬರ್ ಎನ್3176ಎಸ್. ಚಿತ್ರೀಕರಣ ಮುಗಿದ ಮೇಲೆ ಬಂದೂಕು, ಮೂತಿ, ಪಕ್ಕದ ತೂಬು ಎಲ್ಲ ಕಿತ್ತು, ಮಾಮೂಲಿ 222 ಮಾಡಿ ಮಾರಿದರು. ಜರ್ಮನಿಗೆ ಹೋಗಿ ಡಿ-ಎಚ್‌ಎಚ್‌ಎಸ್‌ಡಿ ಆಯಿತು, ಆಂಬುಲೆನ್ಸ್ ಕೆಲಸ. 1992ರ ಜೂನ್‌ನಲ್ಲಿ ಬಿರುಗಾಳಿ ಮಳೆಯಲ್ಲಿ ಬಿದ್ದು ಒಳಗಿದ್ದ ಮೂವರೂ ತೀರಿಕೊಂಡರು. ಬಾಲದ ಅಕ್ಷರ ಪೂರ್ತಿ ಬದಲಾಯಿತು, ಬಣ್ಣ ಬದಲಾಯಿತು. ಬದಲಾಗದೆ ಉಳಿದದ್ದು ಬೆಲ್ ಕಾರ್ಖಾನೆ ಹೊಡೆದ ಸೀರಿಯಲ್ ನಂಬರ್ 47085 ಒಂದೇ. ಇದನ್ನು ಓದಿ ಎಷ್ಟೋ ವರ್ಷವಾಗಿತ್ತು, ಆದರೆ ತಲೆಗೆ ಹೋದದ್ದು 40 ಸಾವಿರ ಕಳಕೊಂಡ ಮೇಲೆ.

ಮಧ್ಯೆ ಒಂದು ಹುಚ್ಚು ಪ್ರಯೋಗ. ಬ್ಲೇಡಿನ ಸದ್ದಿನಿಂದಲೇ ಯಂತ್ರದ ಮಾದರಿ ಹಿಡಿಯಬಹುದಲ್ಲ ಅನ್ನಿಸಿತು. ಲೆಕ್ಕ ಸುಲಭ: ಜೆಟ್‌ರೇಂಜರ್ ರೋಟರ್ ನಿಮಿಷಕ್ಕೆ 390ರ ಮೇಲೆ ಸುತ್ತು, ಎರಡು ಬ್ಲೇಡು, ಅಂದರೆ ಸೆಕೆಂಡಿಗೆ 13 ಬಡಿತ. ಹ್ಯೂಸ್ 500ಡಿ 490 ಚಿಲ್ಲರೆ ಸುತ್ತು, ಐದು ಬ್ಲೇಡು, 40ರ ಮೇಲೆ. ಮಗಳ ಲ್ಯಾಪ್‌ಟಾಪಿನಲ್ಲಿ ಹದಿನೈದು ದಿನ ಕೂತು ಧಾರಾವಾಹಿಯ ಸದ್ದನ್ನೆಲ್ಲ ಕತ್ತರಿಸಿ ಅಳೆದೆ. ತೆರೆಯ ಮೇಲೆ ಕಣ್ಣಿಗೆ ಐದು ಬ್ಲೇಡು ಕಾಣುತ್ತಿದೆ, ಅಳತೆಯಲ್ಲಿ ಬರುತ್ತಿರುವುದು ಎರಡು ಬ್ಲೇಡಿನ ಡಬಡಬ. ನನ್ನ ಲೆಕ್ಕವೇ ತಪ್ಪು ಅಂದುಕೊಂಡು ಮತ್ತೊಂದು ವಾರ ಹಾಳು ಮಾಡಿದೆ. ಕೊನೆಗೆ ಗೊತ್ತಾಯಿತು, ಸದ್ದು ಸ್ಟುಡಿಯೋದಲ್ಲಿ ಅಂಟಿಸಿದ್ದು, ಬೇರೆ ಯಾವುದೋ ಯಂತ್ರದ್ದು. ಹೆಲಿಕಾಪ್ಟರ್ ಅಂದರೆ ಹೀಗೇ ಕೇಳಬೇಕು ಅಂತ ಅವರಿಗೊಂದು ನಂಬಿಕೆ. ಈ ದಾರಿ ಹಿಡಿಯಬೇಡಿ.

ಕಣ್ಣಿಗೂ ಮೋಸವಾಗುತ್ತದೆ. ರ‍್ಯಾಂಬೋ ಚಿತ್ರಗಳಲ್ಲಿ ಸೋವಿಯತ್ ಯುದ್ಧ ಹೆಲಿಕಾಪ್ಟರ್ ಎಂಐ-24 ಅಂತ ತೋರಿಸಿದ್ದು ಫ್ರೆಂಚರ ಪೂಮಾಕ್ಕೆ ಸುಳ್ಳು ರೆಕ್ಕೆ ಕಟ್ಟಿದ್ದು. ಬ್ಲೇಡ್ ಎಣಿಸಿದರೆ ಸಾಕು, ಅಸಲಿ ಎಂಐ-24ಕ್ಕೆ ಐದು, ಪೂಮಾಕ್ಕೆ ನಾಲ್ಕು. 1983ರ ಬ್ಲೂ ಥಂಡರ್ ಚಿತ್ರದ ಯಂತ್ರದ ಚಚ್ಚೌಕ ಮೂತಿ ನೋಡಿ ಹೊಸ ಮಾದರಿಯೇ ಅಂದುಕೊಂಡವರು ಎಷ್ಟೋ ಮಂದಿ. ಬಾಲದ ಫ್ಯಾನ್ ಗೂಡೊಳಗೆ ಕೂತಿರುವುದು ನೋಡಿದರೆ ಫ್ರೆಂಚರ ಗಝೆಲ್ ಹೆಲಿಕಾಪ್ಟರ್ ಅಂತ ನಮ್ಮ ಹ್ಯಾಂಗರಿನ ಹೆಲ್ಪರ್ ಹುಡುಗನೂ ಹೇಳುತ್ತಿದ್ದ. ಎರಡು ಗಝೆಲ್‌ಗಳನ್ನು ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡಿನಲ್ಲಿ ಹಾಗೆ ಮಾರ್ಪಡಿಸಿದ್ದರು. ಮೈತುಂಬ ತಗಡು ಹೊದಿಸಿದ್ದರಿಂದ ತೂಕ ಏರಿ ಹಾರಾಟ ಮಂದವಾಯಿತು. ಅವಕ್ಕೆ ಆಂಬುಲೆನ್ಸ್ ಭಾಗ್ಯ ಬರಲಿಲ್ಲ, ಬಿಡಿಬಿಡಿಯಾಗಿ ಹೋದವು.

ಯಾಕೆ ಹೀಗೆ ಅಂತ ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹೆಲಿಕಾಪ್ಟರಿನ ಬೆಲೆ ಇರುವುದು ಉಳಿದ ಗಂಟೆಗಳಲ್ಲಿ, ಅಂದರೆ ಒಂದೊಂದು ಭಾಗ ಬದಲಿಸುವ ಮೊದಲು ಇನ್ನೆಷ್ಟು ಹೊತ್ತು ಹಾರಬಹುದು ಅನ್ನುವುದರಲ್ಲಿ. ಬ್ಲೇಡಿಗೆ ಇಷ್ಟು, ರೋಟರ್ ಹಬ್ಬಿಗೆ ಇಷ್ಟು, ಗೇರ್‌ಬಾಕ್ಸಿಗೆ ಇಷ್ಟು. ಹೀರೋ ಕೂತಿದ್ದ ಅಂತ ಯಾರೂ ಒಂದು ಗಂಟೆ ಜಾಸ್ತಿ ಬರೆದುಕೊಡುವುದಿಲ್ಲ. ಉಲ್ಟಾ, ಕಲಾ ವಿಭಾಗದವರು ಕೊರೆದ ಪ್ರತಿ ತೂತಿಗೂ ಮತ್ತೆ ಕಾಗದ ಮಾಡಿಸಬೇಕು. ತೆಗೆಯುವ ಖರ್ಚು ಕಡಿಮೆಯಾದರೆ ವಾಪಸ್ ದುಡಿಯಲು ಹೋಗುತ್ತದೆ, ಜಾಸ್ತಿಯಾದರೆ ಗುಜರಿ. ಸೈನ್ಯದಿಂದ ಎರವಲು ತಂದದ್ದಾದರೆ ಇನ್ನೂ ಬೇಗ. ಅಪೊಕ್ಯಾಲಿಪ್ಸ್ ನೌ ಚಿತ್ರಕ್ಕೆ ಫಿಲಿಪೀನ್ಸ್ ವಾಯುಪಡೆ ಕೊಟ್ಟ ಹ್ಯೂಯಿ ಹೆಲಿಕಾಪ್ಟರುಗಳು ಚಿತ್ರೀಕರಣದ ಮಧ್ಯದಲ್ಲೇ ಬಂಡುಕೋರರ ಮೇಲೆ ಹೋಗಲು ಎದ್ದು ಹೋಗುತ್ತಿದ್ದವು.

ಆ ತೂತುಗಳೇ ನನಗೆ ದಾರಿಯಾದದ್ದು. ಅಮೆರಿಕದಲ್ಲಿ ದೊಡ್ಡ ಮಾರ್ಪಾಡು, ದೊಡ್ಡ ರಿಪೇರಿ ಮಾಡಿದರೆ ಸಾಮಾನ್ಯವಾಗಿ ಫಾರ್ಮ್ 337 ತುಂಬಬೇಕು. ಅದು ಒಕ್ಲಹಾಮಾ ಸಿಟಿಯ ವಿಮಾನ ನೋಂದಣಿ ಕಚೇರಿಯ ಕಡತಕ್ಕೆ ಸೇರುತ್ತದೆ, ಮಾರಾಟದ ಪತ್ರಗಳ ಜೊತೆ. ನಾನು ತರಿಸಿದಾಗ ಕಡತದ ಪ್ರತಿ ಸೀಡಿಯಲ್ಲಿ ಕೊಡುತ್ತಿದ್ದರು, ಒಂದು ಯಂತ್ರಕ್ಕೆ ಹತ್ತು ಡಾಲರ್ ಆಸುಪಾಸು. ತೆರೆಯ ಮೇಲೆ ಯಾವ ನಂಬರ್ ಇತ್ತು ಅನ್ನುವುದು ಬಿಟ್ಟೆ. ಯಾವ ಸೀರಿಯಲ್ ನಂಬರಿನ ಯಂತ್ರಕ್ಕೆ ಆ ತಿಂಗಳಲ್ಲಿ ಹೊಟ್ಟೆಯಡಿ ಕ್ಯಾಮೆರಾ ಕಟ್ಟುವ ಚೌಕಟ್ಟು ಕೂರಿಸಿದ್ದಾರೆ, ಯಾವಾಗ ತೆಗೆದಿದ್ದಾರೆ, ಅದನ್ನು ಹುಡುಕಿದೆ. ಆ ವರ್ಷದ ಹಳೆಯ ರಿಜಿಸ್ಟರ್ ಪುಟಗಳನ್ನು ಎಲ್ಲಿಂದ ತಂದೆ ಅನ್ನುವುದು ಸದ್ಯಕ್ಕೆ ನನ್ನ ಬಳಿಯೇ ಇರಲಿ. ದೋಸೆ ಬಂದ ಮೇಲೆ ನೋಡೋಣ.

ಒಂದೇ ಪಾತ್ರಕ್ಕೆ ಒಂದೇ ಬಣ್ಣ ಬಳಿದು ಮೂರ್ನಾಲ್ಕು ಯಂತ್ರ ಬಳಸಿದ್ದರು. ಅನುಮಾನ ಬಂದ ಯಂತ್ರಗಳಿಗೆಲ್ಲ ಸೇರಿ ಹನ್ನೊಂದು ಸೀಡಿ ತರಿಸಿದೆ. ಎರಡು ಬಿದ್ದು ನಾಶವಾಗಿದ್ದವು, ಕೆಲವದರಲ್ಲಿ ಏನೂ ಇರಲಿಲ್ಲ. ಒಂಬತ್ತನೆಯದೋ ಹತ್ತನೆಯದೋ ಸೀಡಿಯಲ್ಲಿ ಒಂದು 337, ಕೈಬರಹ, ಕಾರ್ಬನ್ ಕಾಪಿ, ಅರ್ಧ ಮಾಸಿದ್ದು: ಚೌಕಟ್ಟು ತೆಗೆಯಲಾಗಿದೆ, ತೂತು ಮುಚ್ಚಿ ರಿವೆಟ್ ಹೊಡೆಯಲಾಗಿದೆ. ತಾರೀಕು ಕೊನೆಯ ಕಂತು ಚಿತ್ರೀಕರಿಸಿದ ಕಾಲಕ್ಕೆ ಸರಿಯಾಗಿ ಕೂತಿತು. ಕೊನೆಯ ಹಾಳೆಯಲ್ಲಿ ನೋಂದಣಿ ರದ್ದು, ಕಾರಣ ರಫ್ತು, ದೇಶ ನ್ಯೂಜಿಲೆಂಡ್. ರಾತ್ರಿ ಎರಡು ಗಂಟೆ. ಮನೆಯಲ್ಲಿ ಎಬ್ಬಿಸಿ ಹೇಳಿದೆ. "ನಾಳೆ ಹೇಳಿ" ಅಂದಳು.

ಅಲ್ಲಿಗೆ ಹೋದದ್ದು ಯಾಕೆ ಅನ್ನುವುದು ಊಹಿಸಬಹುದು. ಆಗ ನ್ಯೂಜಿಲೆಂಡಿನಲ್ಲಿ ಕಾಡಿನ ಜಿಂಕೆಗಳನ್ನು ಹೆಲಿಕಾಪ್ಟರಿನಿಂದ ಬಲೆ ಬೀಸಿ ಜೀವಂತ ಹಿಡಿದು ಸಾಕಣೆಗೆ ಮಾರುವ ದಂಧೆ ಜೋರಾಗಿತ್ತು. ಮರಗಳ ನಡುವೆ ನುಗ್ಗಲು ಹ್ಯೂಸ್ 500ರಂಥ ಪುಟ್ಟ ಯಂತ್ರವೇ ಬೇಕು. ಮಾಲೀಕರಿಗೆ ಇಮೇಲ್ ಮಾಡಿದೆ, ನಾಲ್ಕು ತಿಂಗಳು ಉತ್ತರವಿಲ್ಲ. ಅಭಿಮಾನಿಯ ಥರ ಬರೆದದ್ದೇ ತಪ್ಪಾಗಿತ್ತು. ಎರಡನೆಯ ಸಲ ಅಂಚೆಯಲ್ಲಿ ಕಾಗದ ಹಾಕಿದೆ, ಧಾರಾವಾಹಿ ಮಾತೇ ಎತ್ತದೆ ಟೇಲ್ ಬೂಮ್, ಅಂದರೆ ಬಾಲದ ಉದ್ದ ತೊಲೆಯ ಬಗ್ಗೆ ಒಂದು ಪ್ರಶ್ನೆ ಕೇಳಿದೆ. ಯಾವ ಪ್ರಶ್ನೆ ಅನ್ನುವುದು ಹೇಳುವುದಿಲ್ಲ, ಆದರೆ ಮೆಕ್ಯಾನಿಕ್ ಆದವನು ಅದಕ್ಕೆ ಉತ್ತರ ಕೊಡದೆ ಇರಲಾರ. ಮೂರು ವಾರಕ್ಕೆ ಎರಡು ಫೋಟೋ ಬಂದವು.

ಒಂದು ಡೇಟಾ ಪ್ಲೇಟ್, ಅಂದರೆ ಕಾರ್ಖಾನೆ ಸೀರಿಯಲ್ ನಂಬರ್ ಹೊಡೆದ ತಗಡು. ಮೂಲೆ ಸವೆದಿದೆ, ಅಂಕಿಗಳು ಸ್ಪಷ್ಟ, ನನ್ನ ಸೀಡಿಯ ಸೀರಿಯಲ್ ನಂಬರೇ. ಇನ್ನೊಂದು ಹೊಟ್ಟೆಯ ತಗಡು. ಹಸಿರು ಬಣ್ಣದ ಕೆಳಗೆ ರೂಪಾಯಿ ನಾಣ್ಯದ ಅಗಲದ ನಾಲ್ಕು ತೇಪೆ, ಆಯತಾಕಾರಕ್ಕೆ, ಒಂದೊಂದರ ಸುತ್ತ ರಿವೆಟ್. ಮುಂದಿನ ಎಡಗಡೆಯದರಲ್ಲಿ ಒಂದು ರಿವೆಟ್ ಸ್ವಲ್ಪ ಸೊಟ್ಟ. ಹೊಡೆದವನಿಗೆ ಮನೆಗೆ ಹೋಗುವ ಅವಸರವಿತ್ತು ಅಂತ ಕಾಣುತ್ತದೆ.

ಟೇಲ್ ಬೂಮ್ ಎರಡು ಸಲ ಬದಲಾಗಿದೆಯಂತೆ, ಎಂಜಿನ್ ಬೇರೆ, ಬ್ಲೇಡುಗಳು ಎಷ್ಟನೆಯ ಜೊತೆಯೋ. "ಹಾಗಾದ್ರೆ ಅದೇ ಹೆಲಿಕಾಪ್ಟರ್ ಹೇಗಪ್ಪಾ?" ಅಂದಳು ಮಗಳು. ನಮ್ಮ ಹಳ್ಳಿ ಮನೆಗೆ ಹಂಚು ಬದಲಾಗಿದೆ, ತೊಲೆ ಬದಲಾಗಿದೆ, ಆದರೂ ತಾತನ ಮನೆ ಅಂತಲೇ ದಾಖಲೆಯಲ್ಲಿದೆ. ಬೆಲ್ 47 ಅನ್ನುವ ಹಳೆಯ ಹೆಲಿಕಾಪ್ಟರುಗಳ ಬೆನ್ನು ಬಿದ್ದವರಿಗೆ ಈ ತಲೆನೋವು ಹತ್ತು ಪಟ್ಟು. 1946ರಿಂದ ಓಡುತ್ತಿರುವ ಮಾದರಿ, ಮೂರು ಯಂತ್ರ ಕೂಡಿಸಿ ಒಂದು ಮಾಡಿರುತ್ತಾರೆ. ಮ್ಯಾಶ್ ಧಾರಾವಾಹಿಯದು ಅಂತ ಯಾರಾದರೂ ತೋರಿಸಿದರೆ ಮೊದಲು ಪ್ಲೇಟ್ ಕೇಳಿ, ಆಮೇಲೆ ಕಾಗದ.

ಒಟ್ಟು ಖರ್ಚು 60 ಸಾವಿರ ದಾಟಿದೆ. ಅದರಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು ಸೀಡಿಗಳ 10 ಸಾವಿರದಷ್ಟು. ಉಳಿದದ್ದು ಗಣಪತಿ ಪಕ್ಕ ಇದೆ, ಇನ್ನಷ್ಟು ಎಲ್ಲೆಲ್ಲೋ ಹೋಯಿತು.

ಮಾಲೀಕರಿಗೆ ತಮ್ಮ ಯಂತ್ರ ಟೀವಿಯಲ್ಲಿ ಬಂದದ್ದು ಗೊತ್ತಿತ್ತು, ಒಮ್ಮೆಯೂ ನೋಡಿರಲಿಲ್ಲವಂತೆ. ಕಂತು ಯಾವುದು, ಎಷ್ಟನೆಯ ನಿಮಿಷ ಅಂತ ಬರೆದು ಕಳಿಸಿದೆ. ವಾರದ ನಂತರ ಒಂದೇ ಸಾಲಿನ ಉತ್ತರ ಬಂತು: ನೋಡಿದೆ, ಚೆನ್ನಾಗಿದೆ, ಆದರೆ ಆ ಸದ್ದು ನಮ್ಮದಲ್ಲ.