ಆಟಗಾರನಿಂದ ಕ್ಲಬ್ ಸ್ಥಾಪಕನವರೆಗೆ: ಕೇಸುಕೆ ಹೋಂಡಾ ಅವರ ವೃತ್ತಿಜೀವನವನ್ನು ಬರೆಯುವ ಬಗೆ

ಜಪಾನಿನ ಫುಟ್‌ಬಾಲ್ ಆಟಗಾರ ಹೋಂಡಾ ಅವರ ಬಗ್ಗೆ ಬರೆಯಲು ಹೊರಟವರು ಕ್ಲಬ್ಬುಗಳ ಪಟ್ಟಿಯನ್ನು ಬದಿಗಿಟ್ಟು, ಗಂಬಾ ಒಸಾಕಾ ಕ್ಲಬ್ಬಿನ ಕಿರಿಯರ ತಂಡದಲ್ಲಿ ಆಡುತ್ತಿದ್ದ ಹುಡುಗನಿಗೆ ಮುಂದಿನ ಯುವ ತಂಡದಲ್ಲಿ ಸ್ಥಾನ ಸಿಗದೆ ಹೋದ ಘಟನೆಯಿಂದ ಆರಂಭಿಸಬೇಕು; ಇಶಿಕಾವಾ ಪ್ರಾಂತದ ಶಾಲಾ ತಂಡದಲ್ಲಿ ಆಡಿ, 2005ರಲ್ಲಿ ವೃತ್ತಿಪರ ಕ್ಲಬ್ ನಗೋಯಾ ಗ್ರಾಂಪಸ್ ಸೇರಿದ ಹಾದಿಯ ಬೆಲೆ ಓದುಗರಿಗೆ ಆಗಲೇ ತಿಳಿಯುತ್ತದೆ.

ಅವರು ಮುಂದೆ ಸೇರಿದ ನೆದರ್ಲೆಂಡ್ಸ್‌ನ ವೆನ್ಲೊ (2008), ರಷ್ಯಾದ ಸಿಎಸ್‌ಕೆಎ ಮಾಸ್ಕೋ (2010), ಇಟಲಿಯ ಎಸಿ ಮಿಲಾನ್ (2014) ಕ್ಲಬ್ಬುಗಳನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಬಹುದು. ಆದರೆ 2010ರ ವಿಶ್ವಕಪ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಅವರು ಹೊಡೆದ ಫ್ರೀ ಕಿಕ್ಕನ್ನು ನಿಧಾನವಾಗಿ ವರ್ಣಿಸಿ: ದೂರದಿಂದ ಎಡಗಾಲಿನಲ್ಲಿ ಒದ್ದ ಚೆಂಡು ಗಾಳಿಯಲ್ಲೇ ಓಲಾಡಿ, ಗೋಲ್‌ಕೀಪರನ ಕೈಗೆ ಸಿಗದೆ ಬಲೆಯನ್ನು ಸೇರಿತು, ಜಪಾನ್ 3–1ರಿಂದ ಗೆದ್ದಿತು.

ಸ್ಥಾಪಕನ ಅಧ್ಯಾಯಕ್ಕೆ ಬಂದಾಗ, ಅವರು 2020ರಲ್ಲಿ ಆರಂಭಿಸಿದ, ಮುಂದೆ ಎಡೊ ಆಲ್ ಯುನೈಟೆಡ್ ಎಂದು ಹೆಸರು ಬದಲಾದ ಒನ್ ಟೋಕಿಯೋ ತಂಡವನ್ನು ವಿವರಿಸುವ ಮೊದಲು ಜಪಾನಿನ ಲೀಗ್ ವ್ಯವಸ್ಥೆಯನ್ನು ತಿಳಿಸಲೇಬೇಕು. ಅಲ್ಲಿ ಹೊಸ ತಂಡವು ಸ್ಥಳೀಯ ಲೀಗಿನ ಕೆಳಹಂತದಿಂದ ಗೆಲ್ಲುತ್ತ ಮೇಲೇರಬೇಕು. ಮಿಲಾನ್‌ನಲ್ಲಿ, ಸಾಮಾನ್ಯವಾಗಿ ತಂಡದ ಪ್ರಮುಖ ಆಟಗಾರನಿಗೆ ಸಿಗುವ 10ನೇ ಸಂಖ್ಯೆಯ ಅಂಗಿ ತೊಟ್ಟಿದ್ದವರು ಆ ಮೆಟ್ಟಿಲನ್ನು ಆರಿಸಿಕೊಂಡದ್ದೇ, ನನ್ನ ದೃಷ್ಟಿಯಲ್ಲಿ, ಈ ವೃತ್ತಿಜೀವನದ ಅತ್ಯಂತ ಗೌರವಾರ್ಹ ಭಾಗ. 2018ರಲ್ಲಿ ಆರಂಭವಾದ ಕಾಂಬೋಡಿಯಾ ರಾಷ್ಟ್ರೀಯ ತಂಡದ ಹೊಣೆಯನ್ನು ಇದರೊಡನೆ ಬೆರೆಸದೆ ಪ್ರತ್ಯೇಕವಾಗಿ ಬರೆಯಿರಿ.