ಅಮೆರಿಕಕ್ಕೆ ಹೊಸದಾಗಿ ಬಂದು ಕಾರ್ ಓಡಿಸೋರಿಗೆ: ಯೀಲ್ಡ್ ಅಂದ್ರೆ ಏನು?

ಡಿಎಂವಿ (ಡ್ರೈವಿಂಗ್ ಲೈಸೆನ್ಸ್ ಕೊಡೋ ಸರ್ಕಾರಿ ಕಚೇರಿ) ಟೆಸ್ಟಿಗೆ ಓದ್ತಾ ಇರೋ ನಮ್ಮವರು ತುಂಬಾ ಜನ ಕೇಳ್ತಾರೆ, ಸ್ಟಾಪ್ ಅಂದ್ರೆ ನಿಲ್ಲಿಸ್ಬೇಕು ಸರಿ, ಯೀಲ್ಡ್ ಅಂದ್ರೆ ನಿಲ್ಲಿಸ್ಬೇಕಾ ಇಲ್ಲಾ ಸ್ಲೋ ಮಾಡಿದ್ರೆ ಸಾಕಾ ಅಂತ. ಯೀಲ್ಡ್ ಅಂದ್ರೆ ದಾರಿ ಬಿಡೋದು. ಯಾರೂ ಇಲ್ದಿದ್ರೆ ಸ್ಲೋ ಮಾಡಿ ನೋಡ್ಕೊಂಡು ಹೋಗಿ, ಯಾರಾದ್ರೂ ಬರ್ತಿದ್ರೆ ಅವ್ರು ದಾಟೋವರೆಗೂ ಕಾಯಿರಿ, ಬೇಕಾದ್ರೆ ಪೂರ್ತಿ ನಿಲ್ಸಿ. ನೀವು ನುಗ್ಗಿದ್ದಕ್ಕೆ ಅವ್ರು ಬ್ರೇಕ್ ಒತ್ತಬೇಕಾಯ್ತು ಅಂದ್ರೆ ನೀವು ಯೀಲ್ಡ್ ಮಾಡ್ಲಿಲ್ಲ ಅಂತಾನೇ ಲೆಕ್ಕ.

ಬೋರ್ಡ್ ಗುರುತು ಹಿಡಿಯೋದು ಸುಲಭ, ತಲೆಕೆಳಗಾದ ತ್ರಿಕೋನ, ಕೆಂಪು ಅಂಚು, ಒಳಗೆ ಬಿಳಿ. ಮೊದಲು ಹಾಕಿದ್ದು 1950ರಲ್ಲಿ, ಒಕ್ಲಹೋಮಾದ ಟಲ್ಸಾದಲ್ಲಿ, ಕ್ಲಿಂಟನ್ ರಿಗ್ಸ್ ಅನ್ನೋ ಪೊಲೀಸ್ ಅಧಿಕಾರಿ ಮಾಡಿಸಿದ್ದು, ಆಗ ಅದು ಹಳದಿ ಬಣ್ಣ. ಇಂಗ್ಲೆಂಡು, ಆಸ್ಟ್ರೇಲಿಯಾದಲ್ಲಿರೋ ನಮ್ಮವರು ಇದನ್ನೇ ಗಿವ್ ವೇ ಅಂತಾರೆ. ಕೆಲವು ಕಡೆ ರಸ್ತೆ ಮೇಲೂ ನಿಮ್ಮ ಕಡೆಗೆ ಮೂತಿ ಮಾಡಿರೋ ಬಿಳಿ ತ್ರಿಕೋನಗಳ ಸಾಲು ಇರತ್ತೆ, ಕಾಯ್ಬೇಕಾದ್ರೆ ಅದರ ಹಿಂದೆ ಕಾಯಿರಿ.

ಆದ್ರೆ ಬೋರ್ಡೇ ಇಲ್ದೆ ಯೀಲ್ಡ್ ಮಾಡ್ಬೇಕಾದ ಜಾಗಗಳೇ ಜಾಸ್ತಿ, ನಮ್ಮವರಿಗೆ ಕಷ್ಟ ಆಗೋದೂ ಅಲ್ಲೇ. ಅದ್ರಲ್ಲೂ ಲೆಫ್ಟ್ ಟರ್ನ್. ಊರಲ್ಲಿ ಲೆಫ್ಟ್ ಅಂದ್ರೆ ಸಲೀಸು, ಬೆಂಗಳೂರಲ್ಲಿ ಫ್ರೀ ಲೆಫ್ಟ್ ಅಂತ ಹೋಗಿ ರೂಢಿ ಇರತ್ತೆ, ಇಲ್ಲಿ ಲೆಫ್ಟ್ ಹೋಗ್ಬೇಕಾದ್ರೆ ಎದುರಿನ ಟ್ರಾಫಿಕ್ ಅಡ್ಡ ದಾಟ್ಬೇಕು. ಹಸಿರು ಬಾಣ ಇದ್ರೆ ಎದುರಿನವರಿಗೆ ಕೆಂಪು ಇರತ್ತೆ. ಬರೀ ದುಂಡು ಹಸಿರು ಅಥವಾ ಮಿನುಗೋ ಹಳದಿ ಬಾಣ ಇದ್ರೆ ಎದುರಿಂದ ನೇರ ಬರೋರಿಗೆ ನೀವು ಯೀಲ್ಡ್ ಮಾಡ್ಬೇಕು, ಅವ್ರಿಗೂ ಹಸಿರು ಇರಬಹುದು. ಗಂಟೆಗೆ 45 ಮೈಲಿ ವೇಗದ ಕಾರು ಸೆಕೆಂಡಿಗೆ 66 ಅಡಿ ಬರತ್ತೆ, ದೂರ ಇದೆ ಅನ್ಸಿದ್ದು ಕಣ್ಣು ಮಿಟುಕಿಸೋದ್ರಲ್ಲಿ ಹತ್ರ ಇರತ್ತೆ. ಹಿಂದಿನವರು ಹಾರ್ನ್ ಹೊಡೆದ್ರೂ ಹೊಡ್ಕೊಳ್ಲಿ, ನಿಮಗೆ ಗ್ಯಾಪ್ ಸಾಕು ಅನ್ಸೋವರೆಗೂ ತಿರುಗಿಸ್ಬೇಡಿ. ತಿರುಗಿಸೋ ರಸ್ತೆಯಲ್ಲಿ ನಡ್ಕೊಂಡು ದಾಟೋರು ಇದ್ದಾರಾ ಅಂತ ಮೊದ್ಲೇ ನೋಡ್ಕೊಳ್ಳಿ, ಇಲ್ಲಾಂದ್ರೆ ನಡುರಸ್ತೆಯಲ್ಲಿ ಸಿಕ್ಕಾಕೊಳ್ತೀರಿ.

ಫೋರ್ ವೇ ಸ್ಟಾಪಲ್ಲಿ (ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರೋ ಕೂಡುರಸ್ತೆ) ಮೊದ್ಲು ಬಂದವರು ಮೊದ್ಲು, ಇಬ್ರೂ ಒಟ್ಟಿಗೆ ಬಂದ್ರೆ ಬಲಗಡೆಯವರು ಮೊದ್ಲು. ರೌಂಡಬೌಟಲ್ಲಿ ಒಳಗೆ ಸುತ್ತುತ್ತಾ ಇರೋರಿಗೆ ದಾರಿ. ಫ್ರೀವೇ (ವೇಗದ ಹೈವೇ) ಸೇರೋವಾಗ ಯೀಲ್ಡ್ ಮಾಡೋದು ನೀವೇ, ಹಾಗಂತ ರ‍್ಯಾಂಪ್ (ಫ್ರೀವೇಗೆ ಸೇರಿಸೋ ರಸ್ತೆ) ಕೊನೆಯಲ್ಲಿ ನಿಲ್ಲಿಸೋಕೆ ಹೋಗ್ಬೇಡಿ, ಅವರ ಸ್ಪೀಡಿಗೆ ಬಂದು ಗ್ಯಾಪ್ ನೋಡಿ ಸೇರ್ಕೊಳ್ಳಿ.

ಇನ್ನೊಂದು, ಹೆಡ್‌ಲೈಟ್ ಫ್ಲಾಶ್. ಊರಲ್ಲಿ ಲೈಟ್ ಹೊಡೆದ್ರೆ ನಾನು ಬರ್ತಿದ್ದೀನಿ ನಿಲ್ಲು ಅಂತ, ಇಲ್ಲಿ ಹೆಚ್ಚಾಗಿ ನೀವೇ ಹೋಗಿ ಅಂತ. ನೀವು ಊರಿನ ಅಭ್ಯಾಸದಲ್ಲಿ ಹೊಡೆದ್ರೆ ಎದುರಿನವರು ನುಗ್ಗಿಬಿಡ್ತಾರೆ, ದಯವಿಟ್ಟು ಈ ರೂಢಿ ಮೊದಲ ದಿನದಿಂದಾನೇ ಬಿಟ್ಬಿಡಿ.

ಫೇಲ್ಯೂರ್ ಟು ಯೀಲ್ಡ್ ಅನ್ನೋದು ಪೊಲೀಸ್ ಟಿಕೆಟ್‌ನಲ್ಲಿ, ಇನ್ಶೂರೆನ್ಸ್ ಕ್ಲೇಮಲ್ಲಿ ಬರೋ ಮಾತು, ದಾರಿ ಬಿಡಬೇಕಾಗಿದ್ದವರು ಬಿಡ್ಲಿಲ್ಲ, ತಪ್ಪು ಅವರದ್ದು ಅಂತ ಅರ್ಥ. ರೋಡ್ ಬಿಟ್ಟು ಬೇರೆ ಕಡೆ ಇದೇ ಪದ ಕೇಳಿದ್ರೆ ಗಾಬರಿ ಬೇಡ, ಹೈ ಯೀಲ್ಡ್ ಸೇವಿಂಗ್ಸ್ ಅಂದ್ರೆ ಬಡ್ಡಿ ಜಾಸ್ತಿ ಕೊಡೋ ಅಕೌಂಟು, ಅಡುಗೆ ರೆಸಿಪಿಯಲ್ಲಿ ಎಷ್ಟು ಆಗತ್ತೆ ಅನ್ನೋದು, ಹೊಲದ ವಿಷಯಕ್ಕೆ ಬಂದ್ರೆ ನಮ್ಮ ಇಳುವರಿ.

ಊರಿಂದ ಅಪ್ಪ ಅಮ್ಮ ಬಂದಾಗ ಅವ್ರಿಗೂ ಇದನ್ನ ಹೇಳ್ಕೊಡಿ. ಕ್ರಾಸ್‌ವಾಕ್‌ನಲ್ಲಿ ಕಾರು ಅವ್ರಿಗೋಸ್ಕರ ನಿಲ್ಲತ್ತೆ, ಅವ್ರು ಸಂಕೋಚದಿಂದ ನೀವೇ ಹೋಗಿ ಅಂತ ಕೈ ಮಾಡ್ತಾರೆ, ಡ್ರೈವರ್ ಕಾಯ್ತಾ ಕೂರ್ತಾರೆ. ಬಹಳಷ್ಟು ಕಡೆ ಕೆಂಪು ಲೈಟಿದ್ರೂ ಪೂರ್ತಿ ನಿಲ್ಲಿಸಿ ಆಮೇಲೆ ರೈಟ್ ತಿರುಗಿಸಬಹುದು (ನ್ಯೂಯಾರ್ಕ್ ಸಿಟಿಯಲ್ಲಿ ಬೋರ್ಡ್ ಇಲ್ದೆ ಆಗಲ್ಲ), ಹಾಗೆ ತಿರುಗಿಸೋ ಡ್ರೈವರ್ ಎಡಗಡೆಯಿಂದ ಬರೋ ಕಾರುಗಳನ್ನೇ ನೋಡ್ತಿರ್ತಾರೆ, ಬಲಗಡೆಯಿಂದ ಸ್ಟ್ರೋಲರ್ (ಮಗುವಿನ ತಳ್ಳುಗಾಡಿ) ತಳ್ಕೊಂಡು ಬರೋ ಅಜ್ಜಿ ಕಣ್ಣಿಗೆ ಬೀಳದೇ ಹೋಗಬಹುದು. ವಾಕ್ ಸಿಗ್ನಲ್ ಬಂದಿದ್ರೂ ಡ್ರೈವರ್ ತಮ್ಮ ಕಡೆ ನೋಡಿದ್ದು ಖಾತ್ರಿ ಆದ್ಮೇಲೇ ಕಾಲಿಡಿ ಅಂತ ಹೇಳಿ.